ಒಂಬತ್ತು ಹಲ್ಲು, ನಲವತ್ತೊಂದು ಹಲ್ಲು

ತಮ್ಮ ಫಕ್ಕೀರಪ್ಪನಿಗೆ ಕರ್ಜಗಿಯಿಂದ ನಿನ್ನ ಅಣ್ಣ ಗದಿಗೆಪ್ಪ ಮಾಡುವ ಆಶೀರ್ವಾದಗಳು.

ಆಶೀರ್ವಾದ ಎಂದು ಬರೆದು ಅದನ್ನೇ ಮತ್ತೊಮ್ಮೆ ಓದಿದೆ. ದೊಡ್ಡವನು ಸಣ್ಣವನಿಗೆ ಹೀಗೇ ಬರೆಯಬೇಕಲ್ಲ? ನಮಸ್ಕಾರ ಎಂದು ಬರೆಯಲು ಕೈ ಹೋಗಿತ್ತು, ನಿನಗೆ ಸಂಕೋಚವಾದೀತು ಎಂದು ಬಿಟ್ಟೆ. ಅಲ್ಲಿ ಅವ್ವ ಹೇಗಿದ್ದಾಳೆ? ಮೊಣಕಾಲು ನೋವು ಜೊತೆಗೇ ಬಂದಿದೆಯೋ, ಇಲ್ಲೇ ಬಿಟ್ಟು ಹೋದಳೋ? ಅಪ್ಪನ ಕೆಮ್ಮು? ನಮ್ಮಕ್ಕ ಶಿವಕ್ಕ ಅಲ್ಲಿಯೂ ಎಲ್ಲರಿಗಿಂತ ಮೊದಲು ಎದ್ದು ಎಲ್ಲರನ್ನೂ ಎಬ್ಬಿಸುತ್ತಾಳೆಯೇ? ಇಲ್ಲಿ ನಿನ್ನ ಹೆಂಡತಿ ನೀಲವ್ವ ಆರಾಮಾಗಿದ್ದಾಳೆ. ನಿನ್ನ ಮಗಳು ಗಿರಿಜಾ ಆರಾಮಾಗಿದ್ದಾಳೆ, ಅವಳ ಸುದ್ದಿ ಮುಂದೆ ಬರೆಯುತ್ತೇನೆ. ನಿನ್ನ ಕಣ್ಣು ಹೇಗಿವೆ ಎಂದು ಮಾತ್ರ ಕೇಳುವುದಿಲ್ಲ. ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ಅದು ನಿನಗೂ ಗೊತ್ತು, ನನಗೂ ಗೊತ್ತು. ಈ ಪತ್ರ ಬರೆಯಲು ಕುಳಿತದ್ದೇ ಅದಕ್ಕೆ.

ಪಿಕಪ್ಪಿಗೆ ದೊಡ್ಡ ಗಾಲಿ ಹಾಕಿಸಿಕೊಂಡು ರಾಣೆಬೆನ್ನೂರಿನ ನಿನ್ನ ಗ್ಯಾರೇಜಿಗೆ ಬಂದ ದಿನ ನೆನಪಿದೆಯೇ? ನಮ್ಮ ಹೊಲದ ದಾರಿ ನಿನಗೆ ಗೊತ್ತೇ ಇದೆ. ಎರಿ ಮಣ್ಣಿನಲ್ಲಿ ಟ್ರ್ಯಾಕ್ಟರು ಓಡಾಡಿ ನಡುವೆ ದಿಬ್ಬ ಎದ್ದಿರುತ್ತದೆ, ಗಾಡಿಯ ಹೊಟ್ಟೆ ಅದಕ್ಕೆ ಉಜ್ಜುತ್ತಿತ್ತು. ಅದಕ್ಕೇ ಇಪ್ಪತ್ತೆಂಟು ಇಂಚಿನ ಗಾಲಿ ತೆಗೆಸಿ ಮೂವತ್ತೊಂದರದು ಹಾಕಿಸಿದೆ. ಯಾರನ್ನೂ ಕೇಳಲಿಲ್ಲ. ನಿನ್ನನ್ನೂ. ನೀನು ಕೈ ಒರೆಸಿಕೊಳ್ಳುತ್ತ ಗಾಡಿಯ ಸುತ್ತ ಒಂದು ಸುತ್ತು ಬಂದು ನಕ್ಕೆ.

"ಛಂದ ಅದಾವ್ರಿ ಅಣ್ಣಾ. ಕುದರಿ ಮ್ಯಾಲೆ ಕುಂತಂಗ ಕಾಣಸ್ತೀರಿ. ಆದ್ರ ಹಿಂದಿನ ಹೌಸಿಂಗ್‌ನ್ಯಾಗಿನ ಕ್ರೌನು-ಪಿನಿಯನ್ ಬದ್ಲಿ ಮಾಡಬೇಕಾಕ್ಕೈತಿ."

ಅದು ನನಗೂ ತಿಳಿದಿತ್ತು ಎಂಬುದೇ ಮುಂದಿನ ಎಲ್ಲದಕ್ಕೂ ಮೂಲ. ಹಿಂದಿನ ಅಚ್ಚಿನ ನಡುವಿನ ಆ ಗುಂಡಗಿನ ಹೌಸಿಂಗಿನೊಳಗೆ ಸಣ್ಣ ಪಿನಿಯನ್ ದೊಡ್ಡ ಕ್ರೌನನ್ನು ತಿರುಗಿಸುತ್ತದೆ; ನಮ್ಮ ಗಾಡಿಯದು ಒಂಬತ್ತು ಹಲ್ಲು, ಮೂವತ್ತೇಳು ಹಲ್ಲು. ಅಷ್ಟು ಓದಿಕೊಂಡೇ ಬಂದಿದ್ದೆ. ಆದರೆ ನನ್ನ ತಲೆಯಲ್ಲಿ ಕುಳಿತಿದ್ದುದು ಹೆದ್ದಾರಿಯ ಮಾತು. ಹಾವೇರಿಯಿಂದ ರಾಣೆಬೆನ್ನೂರಿಗೆ ಬರುವಾಗ ಮೊದಲೆಲ್ಲ ಅರವತ್ತು ತೋರಿಸುತ್ತಿದ್ದ ಮೀಟರು ದೊಡ್ಡ ಗಾಲಿ ಹಾಕಿದ ಮೇಲೆ ಐವತ್ತನಾಲ್ಕು ತೋರಿಸುತ್ತಿತ್ತು. ಗಾಡಿಗೆ ಆಲಸ್ಯ ಬಂದಿದೆ, ಓಡುವಂಥ ಸೆಟ್ ಹಾಕು ಎಂದೆ.

"ಗಾಲಿ ಬದಲಾಗಿದ್ದು ಮೀಟರಿಗೆ ಗೊತ್ತಿಲ್ರಿ ಅಣ್ಣಾ," ಅಂದೆ ನೀನು. "ಗಾಡಿ ಅರವತ್ತರಾಗ ಓಡಾಕತ್ತೈತಿ, ಅದು ಐವತ್ನಾಲ್ಕು ಅಂತೈತಿ. ಓಟ ಕಮ್ಮಿ ಆಗಿಲ್ಲ. ಕಮ್ಮಿ ಆಗಿದ್ದು ಎಳಿಯೋ ತಾಕತ್ತು."

ನಾನು ಕಿಸೆಯಿಂದ ನೋಟುಬುಕ್ಕು ತೆಗೆದೆ. ಮೂವತ್ತೇಳನ್ನು ಒಂಬತ್ತರಿಂದ ಭಾಗಿಸಿದ ಹಳೆಯ ಲೆಕ್ಕವನ್ನು ಇಪ್ಪತ್ತೆಂಟರಿಂದ ಗುಣಿಸಿ ಮೂವತ್ತೊಂದರಿಂದ ಭಾಗಿಸಿದ್ದೆ. ಅದಕ್ಕೆ ಸರಿಯಾಗಿ ಕೂಡುವ ಸೆಟ್ಟು ಹತ್ತು-ಮೂವತ್ತೇಳು ಎಂದು ಕೆಳಗೆ ಎರಡು ಗೆರೆ ಎಳೆದಿದ್ದೆ. ನೀನು ಅದನ್ನು ನೋಡಿ, ತಿರುವಿ ಮಾಡಬೇಕು, ಮೂವತ್ತೊಂದರಿಂದ ಗುಣಿಸಿ ಇಪ್ಪತ್ತೆಂಟರಿಂದ ಭಾಗಿಸಬೇಕು, ಒಂಬತ್ತು-ನಲವತ್ತೊಂದು ಬರುತ್ತದೆ ಎಂದು ಬಾಯಲ್ಲೇ ಹೇಳಿಬಿಟ್ಟೆ. ಪೆನ್ನು ಸಹ ಹಿಡಿಯಲಿಲ್ಲ. ನನ್ನ ಜೊತೆ ಬಂದಿದ್ದ ಕರ್ಜಗಿಯ ಮೂವರು ಅಲ್ಲೇ ನಿಂತಿದ್ದರು. ನನಗೆ ಮೈ ಉರಿಯಿತು.

"ನಾಕನೇ ಇಯತ್ತೆಕ್ಕ ಸಾಲಿ ಬಿಟ್ಟಾವ ನನಗ ಲೆಕ್ಕ ಕಲಸ್ತೀಯೇನಲೇ?"

ನೀನು ನನ್ನ ಮುಖ ನೋಡಲಿಲ್ಲ, ನಿಂತಿದ್ದ ಆ ಮೂವರನ್ನು ನೋಡಿದೆ. ಆಮೇಲೆ ಬಟ್ಟೆಯಿಂದ ಇನ್ನೊಮ್ಮೆ ಕೈ ಒರೆಸಿಕೊಂಡೆ. "ಆತ್ರಿ ಅಣ್ಣಾ. ನೀವು ಹೇಳಿದ್ದ ಹಾಕ್ತೀನಿ." ಅಷ್ಟೇ. ಹಾಗೇ ಮಾಡಿದೆ. ನೀನು ಇನ್ನೊಂದು ಸಲ 'ಬ್ಯಾಡ್ರಿ' ಅಂದಿದ್ದರೆ... ನೋಡು, ಈಗಲೂ ನಿನ್ನ ಮೇಲೆಯೇ ಹೊರಿಸಲು ಹೋಗುತ್ತಿದ್ದೇನೆ.

ಬ್ಯಾಡಗಿ ಪೇಟೆಯ ದಿನ ಆದದ್ದು ನಿನಗೆ ಬೇರೆಯವರ ಬಾಯಿಂದ ಗೊತ್ತಾಯಿತು. ನಾನೇ ಹೇಳುತ್ತೇನೆ, ಈಗಲಾದರೂ. ಮೆಣಸಿನಕಾಯಿ ಚೀಲ ಎತ್ತರಕ್ಕೆ ಹೇರಿದ್ದೆವು. ಪೇಟೆಗೆ ಹೋಗುವ ಏರಿನಲ್ಲಿ ಗಾಡಿಗಳ ಸಾಲು ನಿಂತಿತ್ತು. ನಾನೂ ಏರಿನ ನಡುವೆ ನಿಲ್ಲಿಸಿದೆ. ಸಾಲು ಮುಂದೆ ಸರಿದಾಗ ನನ್ನ ಗಾಡಿ ಸರಿಯಲಿಲ್ಲ. ಎಳೆಯುವ ತಾಕತ್ತು ನನ್ನ ಸೆಟ್ಟಿನಿಂದ ಇನ್ನೂ ಕಮ್ಮಿಯಾಗಿತ್ತು. ಎಂಜಿನ್ನು ನಡುಗಿ ಆರಿತು. ಮತ್ತೆ ಶುರು ಮಾಡಿ ಕ್ಲಚ್ಚು ಒತ್ತಿ ಒತ್ತಿ ಬಿಟ್ಟೆ. ಮೊದಲು ಸುಟ್ಟ ವಾಸನೆ ಬಂತು, ಆಮೇಲೆ ಹೊಗೆ. ಗಾಡಿ ಹಿಂದಕ್ಕೆ ಜಾರಿ ಮೌಲಾಸಾಬನ ಟೆಂಪೊದ ಮೂತಿಗೆ ತಗುಲಿತು. ಮೌಲಾಸಾಬ ಗೊತ್ತಲ್ಲ, ಬ್ಯಾಡಗಿಯವನು, ಅಷ್ಟು ವರ್ಷ ತನ್ನ ಟೆಂಪೊ ನಿನ್ನ ಕೈಗೆ ಬಿಟ್ಟು ಬೇರೆ ಯಾರಿಗೂ ಮುಟ್ಟಗೊಡದವನು. ಜನ ಕೂಡಿ ಗಾಡಿ ಬದಿಗೆ ನೂಕಿದರು.

"ಇಷ್ಟು ದೊಡ್ಡ ಗಾಲಿ ಹಾಕಿ ಗಾಡಿ ನೂಕಸ್ಕೋತೀರಲ್ರಿ ಗದಿಗೆಪ್ಪಣ್ಣಾ," ಎಂದು ಒಬ್ಬ ನಕ್ಕ. "ಹೌಸಿಂಗ್ ಕೆಲಸ ಯಾರ ಕಡೆ ಮಾಡ್ಸೀರಿ?" ಎಂದು ಮೌಲಾಸಾಬ ಕೇಳಿದ.

ಕೇಳಿದ್ದು ಅಷ್ಟೇ. 'ನಾನು ಆರಿಸಿದ ಸೆಟ್ಟು' ಎನ್ನಲು ಮೂರು ಶಬ್ದ ಸಾಕಿತ್ತು. ನಾನು ಏನೆಂದೆ ಗೊತ್ತೇ? "ನಮ್ಮ ಫಕ್ಕೀರಂದ ಕೆಲಸ. ಕಣ್ಣು ಮಂಜಾಗ್ಯಾವ ಅವಂದು. ಹಲ್ಲು ಎಣಸಾಕ ಬರಂಗಿಲ್ಲ ಈಗ." ಹುಣಸೆಬೀಜ ಸಾಲಾಗಿ ಇಟ್ಟು ನಿನಗೆ ಎಣಿಸಲು ಕಲಿಸಿದವನು ನಾನೇ. ಅದೇ ಬಾಯಿಂದ ಪೇಟೆಯ ನಡುವೆ ನಿಂತು, ನನ್ನ ತಮ್ಮನಿಗೆ ಎಣಿಸಲು ಬರುವುದಿಲ್ಲ ಎಂದೆ.

ಮರುದಿನ ಗಾಡಿ ಕಟ್ಟಿ ಎಳೆಸಿಕೊಂಡು ನಿನ್ನಲ್ಲಿಗೆ ಬಂದಾಗ ಮಾತು ನನಗಿಂತ ಮೊದಲೇ ಬಂದು ಮುಟ್ಟಿತ್ತು. ನಿನ್ನ ಮುಖ ನೋಡಿದರೆ ತಿಳಿಯುತ್ತಿತ್ತು. ನೀನು ಚಹಾ ತರಿಸಿದೆ, ಸುಟ್ಟ ಕ್ಲಚ್ ಪ್ಲೇಟು ಬದಲಿಸಿದೆ. "ಸೆಟ್ ಬದ್ಲಿ ಮಾಡ್ಲೇನ್ರಿ ಅಣ್ಣಾ?" ಎಂದು ಮಾತ್ರ ಕೇಳಿದೆ. ಆಗ ಹೂಂ ಅಂದರೆ ತಪ್ಪು ನನ್ನದೇ ಎಂದು ಒಪ್ಪಿದಂತಲ್ಲವೇ? "ಮುಂದ ನೋಡೋಣ" ಅಂದೆ. ಅಂದಿನಿಂದ ಅರ್ಧ ಹೇರು ಹೇರಿ, ಏರು ಬಂದರೆ ಸುತ್ತು ಹಾಕಿ ಓಡಿಸಿದೆ. ಮೌಲಾಸಾಬನ ಟೆಂಪೊ ನಿನ್ನ ಬಾಗಿಲಿಗೆ ಬರುವುದು ನಿಂತಿತು. ಅವನ ಹಿಂದೆ ಇನ್ನೂ ಕೆಲವರು ಬಿಟ್ಟರು. ನೀನು ಒಮ್ಮೆಯೂ ಕೇಳಲಿಲ್ಲ. ಎಂಟು ತಿಂಗಳಿಗೆ ನಿನಗೆ ಎದೆನೋವು ಬಂತು. ನಿನಗೆ ಮಣ್ಣು ಕೊಡುವಾಗ ಹೇಳಿಬಿಡಬೇಕು ಎಂದು ಬಾಯಿ ತೆರೆದಿದ್ದೆ. ಸುತ್ತ ಜನ ಇದ್ದರು, ಮುಚ್ಚಿಕೊಂಡೆ. ನನಗೆ ಯಾವಾಗಲೂ ಸುತ್ತಲಿನ ಜನವೇ ದೊಡ್ಡವರಾದರು.

ಹೋದ ತಿಂಗಳು ಗಿರಿಜಾ ಕರ್ಜಗಿಗೆ ಬಂದು ಅಂಗಳದಲ್ಲಿ ನಿಂತಿದ್ದ ಪಿಕಪ್ಪಿನ ಹಿಂದಿನ ಗಾಲಿಗೆ ಒರಗಿ ನಿಂತಳು. ಅವಳು ಕುಮಾರಪಟ್ಟಣದ ಕಾರ್ಖಾನೆಯ ಕೆಲಸ ಬಿಟ್ಟು ನಿನ್ನ ಗ್ಯಾರೇಜು ನಡೆಸುತ್ತಿದ್ದಾಳೆ. ಹಾಂ, ಇದು ನೀನು ಕೇಳದ ಮೊದಲ ಸುದ್ದಿ. ನಿನ್ನಂತೆಯೇ ಬಟ್ಟೆ ಹೆಗಲಿಗೆ ಹಾಕಿಕೊಳ್ಳುತ್ತಾಳೆ.

"ದೊಡ್ಡಪ್ಪಾ, ಗಾಡಿ ನನ್ನ ಕಡೆ ತರ್ರಿ," ಎಂದಳು. "ಅಪ್ಪನ ಕೈಯಿಂದ ಒಂದು ತಪ್ಪು ಉಳದೈತಿ. ಅದನ್ನ ನಾ ಸರಿ ಮಾಡಬೇಕು."

ಒಯ್ಯಬಾರದು ಎನಿಸಿತು. ಆದರೂ ಒಯ್ದೆ. ಅವಳು ಹಿಂದಿನ ಒಂದು ಗಾಲಿಗೆ ಮಾತ್ರ ಜಾಕ್ ಕೊಟ್ಟು, ಗಾಲಿಗೊಂದು, ಎಂಜಿನ್ನಿನಿಂದ ಹಿಂದಕ್ಕೆ ಬರುವ ಉದ್ದನೆಯ ಶಾಫ್ಟಿಗೊಂದು ಚಾಕ್ ಗುರುತು ಹಾಕಿದಳು. ನಿನ್ನದೇ ರೀತಿ, ಅಲ್ಲವೇ? ಒಂದು ಗಾಲಿ ಎತ್ತಿದರೆ ಅದನ್ನು ಎರಡು ಸುತ್ತು ತಿರುಗಿಸಿ ಶಾಫ್ಟು ಎಷ್ಟು ಸುತ್ತುತ್ತದೆ ಎಂದು ಎಣಿಸುವುದು. ಅವಳು ಗಾಡಿಯ ಕೆಳಗೆ ಮಲಗಿದಳು, ನಾನು ಗಾಲಿ ತಿರುಗಿಸಿದೆ.

"ಒಂದು... ಎರಡು... ಮೂರು... ನಿಂದರ್ರಿ. ನಾಕ ಮುಟ್ಟಲಿಲ್ಲ. ಇದಕ್ಕ ನಾಕೂವರಿ ಬರಬೇಕಾಗಿತ್ತು." ಕೆಳಗಿನಿಂದ ಅವಳ ನಿಟ್ಟುಸಿರು ಕೇಳಿತು. "ಪೇಟ್ಯಾಗಿನ ಮಾತು ಕೇಳಿ ನಾ ಅಪ್ಪಗ ಕೇಳಿದ್ದೆ ದೊಡ್ಡಪ್ಪಾ. ಜಗಳಾನ ಮಾಡಿದ್ದೆ, ನಿಮ್ಮ ಕಣ್ಣಿಗೇನಾಗೇತಿ ಅಂತ. 'ಹೌದವಾ, ಎಣಸೋದ್ರಾಗ ತಪ್ಪೇನಿ' ಅಂದ್ರು."

ಫಕ್ಕೀರಾ, ಮಗಳಿಗೂ ಹೀಗೆ ಹೇಳಿದ್ದೆಯಾ? ಹೆತ್ತ ಮಗಳ ಮುಂದೆಯೂ ನನ್ನನ್ನು ಉಳಿಸಲು... ನಾನು ಯಾವ ದೊಡ್ಡ ಮನುಷ್ಯ ಎಂದು?

ನನಗೆ ಕಾಣುತ್ತಿದ್ದುದು ಗಾಡಿಯ ಹೊರಗೆ ಚಾಚಿದ್ದ ಅವಳ ಕಾಲು ಮಾತ್ರ. ಮುಖ ಕಾಣದ್ದರಿಂದಲೇ ಧೈರ್ಯ ಬಂದಿರಬೇಕು. ಗಾಲಿ ಹಿಡಿದುಕೊಂಡೇ ಎಲ್ಲ ಹೇಳಿದೆ: ನೋಟುಬುಕ್ಕು, ಎರಡು ಗೆರೆ, ನಿಂತಿದ್ದ ಮೂವರು, 'ಆತ್ರಿ ಅಣ್ಣಾ', ಪೇಟೆ. ತಾಳ ಹಾಕಿದಂತೆ ಆಡುತ್ತಿದ್ದ ಅವಳ ಪಾದ ನಿಂತುಹೋಯಿತು. ಅವಳು ಹೊರಗೆ ಬಂದಾಗ ಕಣ್ಣಿಗೆ ತೋಳು ಒತ್ತಿಕೊಂಡಿದ್ದಳು, ಕೆನ್ನೆಗೆ ಗ್ರೀಸು ಹತ್ತಿತ್ತು.

"ನನಗ ಹೇಳಿದ್ರಿ, ಛಲೋ ಆತು," ಎಂದಳು. "ಪೇಟ್ಯಾಗ ಯಾರು ಹೇಳವ್ರು?"

ನಿನ್ನೆ ಪೇಟೆ ಇತ್ತು. ಒಂಬತ್ತು-ನಲವತ್ತೊಂದು ಹಾಕಿದ ಗಾಡಿಗೆ ಅಂದಿನಷ್ಟೇ ಎತ್ತರ ಚೀಲ ಹೇರಿದೆವು. ಅವಳೇ ಓಡಿಸಿದಳು. ಅದೇ ಏರಿನ ನಡುವೆ ಬೇಕೆಂದೇ ನಿಲ್ಲಿಸಿದಳು. ನಾನು ಕಣ್ಣು ಮುಚ್ಚಿಕೊಂಡೆ. ಕ್ಲಚ್ಚು ಬಿಟ್ಟಳು ನೋಡು, ಗಾಡಿ ಒಂದಿಷ್ಟೂ ತಡವರಿಸದೆ ಎದ್ದು ನಡೆಯಿತು. ನೀನು ಬಾಯಲ್ಲಿ ಹೇಳಿದ ಲೆಕ್ಕ!

ಮೌಲಾಸಾಬ ತನ್ನ ಟೆಂಪೊದ ಹತ್ತಿರ ನಾಲ್ಕು ಜನರ ಜೊತೆ ನಿಂತಿದ್ದ. ನಾನು ಹೋಗಿ ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ. ಆ ಸೆಟ್ಟು ಆರಿಸಿದವನು ನಾನು, ಕಣ್ಣು ಮಂಜಾಗಿದ್ದುದು ನನ್ನದು ಎಂದೆ. ಅವರು 'ಹೋಗ್ಲಿ ಬಿಡ್ರಿ' ಅನ್ನಬಹುದು ಎಂದು ಒಳಗೊಳಗೇ ಆಸೆಯಿತ್ತು. ಯಾರೂ ಅನ್ನಲಿಲ್ಲ. ಮೌಲಾಸಾಬ ಬೀಡಿ ನೆಲಕ್ಕೆ ಹಾಕಿ ಕಾಲಿಂದ ತಿಕ್ಕಿದ.

"ನಿಮ್ಮ ಮಾತು ನಂಬಿ ಅಂಥಾ ಮನುಷ್ಯಾನ ಬಾಗಿಲ ಬಿಟ್ನೆಲ್ರಿ ನಾ. ಅವ ಇದ್ದಾಗ ಹೇಳಿದ್ರ ಅವಗೂ ಕೇಳಸತಿತ್ತು, ಗದಿಗೆಪ್ಪಣ್ಣಾ."

ನಿನಗೂ ಕೇಳಿಸಬೇಕಲ್ಲ. ಅದಕ್ಕೇ ಈ ಪತ್ರ. ಈ ಕೊನೆಯ ಸಾಲುಗಳನ್ನು ನೋಟುಬುಕ್ಕಿನ ಅದೇ ಪುಟ ಹರಿದು ಅದರ ಹಿಂದೆಯೇ ಬರೆಯುತ್ತಿದ್ದೇನೆ. ತಿರುವಿದರೆ ನನ್ನ ಎರಡು ಗೆರೆ ನಿನಗೆ ಕಾಣುತ್ತವೆ.

ಲಗೂ ಒಂದು ಉತ್ತರ ಬರಿ, ತಮ್ಮಾ. ಕ್ಷಮಿಸಿದೆ ಎಂದು ಬರೆಯಬೇಡ, ಅದನ್ನು ನಾನು ಕೇಳದೆಯೇ ನೀನು ಮಾಡಿಬಿಡುತ್ತೀ, ನಿನ್ನ ಗುಣ ನನಗೆ ಗೊತ್ತು. ಬೈದು ಬರಿ. ತಮ್ಮನಾದವನು ಅಣ್ಣನನ್ನು ಬೈಯಬಾರದು ಎಂಬ ರೀತಿ ಇಲ್ಲಿಯದು. ಅಲ್ಲಿ ಅದು ಇರಲಿಕ್ಕಿಲ್ಲ.

ನಿನ್ನ ಅಣ್ಣ,
ಗದಿಗೆಪ್ಪ