ತಂತಿ ಕಟ್ಟಿದ ಕಾಲುದಾರಿ

ಮೇನ್‌ಹೋಪ್
ನವೆಂಬರ್ 2, 1997

ಪ್ರೀತಿಯ ನೆಸ್ಟಾ,

ಲಡ್‌ಲೋದಲ್ಲಿ ನಿನ್ನ ಅಕ್ಕನ ಮನೆಯ ಬೆಂಕಿಯ ಮುಂದೆ ಬೆಚ್ಚಗೆ ಕೂತಿರುತ್ತೀಯ. ಕೂತಿರು. ಎರಡು ವರ್ಷದ ಹಿಂದೆ ನೀನು ಪೆಟ್ಟಿಗೆ ಹಿಡಿದು ಹೊರಟಾಗ ನಾನು ತಡೆಯಲಿಲ್ಲ. ನನ್ನ ಅಣ್ಣ ಎಮ್ರಿಸ್ ಜೊತೆ ಮೂವತ್ತಾರು ವರ್ಷ ಬಾಳಿದವಳಿಗೆ ಅಷ್ಟು ಹಕ್ಕಿದೆ ಅಂದುಕೊಂಡೆ. ಈಗಲೂ ನಿನ್ನನ್ನು ವಾಪಸು ಕರೆಯಲು ಬರೆಯುತ್ತಿಲ್ಲ. ನನಗೆ ತಲೆ ಚಿಟ್ಟು ಹಿಡಿದಿದೆ. ಅವನ ಬಗ್ಗೆ ಹೇಳಿಕೊಂಡರೆ ಅರ್ಥವಾಗುವ ಜೀವ ಇಡೀ ಭೂಮಿಯ ಮೇಲೆ ನೀನೊಬ್ಬಳೇ.

ಏಪ್ರಿಲ್‌ನಲ್ಲಿ ನಿನ್ನ ಗಂಡ ಕಾಲುದಾರಿ ಮುಚ್ಚಿದ. ಚರ್ಚಿನ ಹಿಂಗೋಡೆಯಿಂದ ನಮ್ಮ ಮೂರು ಹುಲ್ಲುಗಾವಲು ದಾಟಿ, ಗುಡ್ಡದ ಬೆನ್ನೇರಿ, ಆಚೆ ಕಣಿವೆಯ ಚಾಪೆಲ್ಲಿಗೆ ಇಳಿಯುತ್ತದಲ್ಲ, ಅದೇ. ಯಾರೋ ಪೇಟೆಯ ಚಾರಣಿಗರು ನಾಯಿಗೆ ಹಗ್ಗ ಹಾಕದೆ ಬಿಟ್ಟಿದ್ದರು. ಅದು ಗಬ್ಬದ ಕುರಿಗಳನ್ನು ಗುಡ್ಡದ ತುಂಬ ಅಟ್ಟಾಡಿಸಿತು. ನಾಲ್ಕು ಕುರಿ ಸತ್ತವು. ನಿನ್ನ ಮುದ್ದಿನ ಕುರಿನಾಯಿ ಮೆಗ್ ಕೂಡ ಅವತ್ತೇ ಸತ್ತಳು. ಪೇಟೆಯವರ ಆ ಹಾಳು ನಾಯಿ ಅವಳ ಗಂಟಲಿಗೆ ಬಾಯಿ ಹಾಕಿತು ಎಂದು ಎಮ್ರಿಸ್ ಊರಿಗೆಲ್ಲ ಹೇಳಿದ. ಮರುದಿನ ಬೆಳಿಗ್ಗೆ ನೋಡಿದರೆ, ಬೇಲಿ ದಾಟುವ ಎರಡೂ ತಡಮೆಗಳಿಗೆ ಮುಳ್ಳುತಂತಿ ಸುತ್ತಿ, 'ದಾರಿ ಇಲ್ಲ' ಎಂದು ಹಲಗೆ ಹೊಡೆದಿದ್ದ.

ಕುರಿ ಸತ್ತಿದ್ದು ನನಗೂ ಸಂಕಟವೇ. ನಾಯಿಗೆ ಹಗ್ಗ ಹಾಕಿ ಎಂದು ಬೋರ್ಡು ಬರೆಸೋಣ, ಮರಿ ಹಾಕುವ ಎರಡು ತಿಂಗಳು ಜನರನ್ನು ಬೇಲಿಯ ಅಂಚಿನಿಂದ ಕಳಿಸೋಣ ಎಂದೆ. "ನನ್ನ ಜಮೀನು, ನನ್ನ ಬೇಲಿ. ನೀನು ನಿನ್ನ ಕೆಲಸ ನೋಡ್ಕೋ," ಅಂದ. ನನ್ನ ಕೆಲಸವೇ ಅದು ಎಂದೆ. ಗ್ರಾಮ ಸಭೆ ನನ್ನನ್ನು ಕಾಲುದಾರಿಗಳ ಉಸ್ತುವಾರಿಗೆ ನೇಮಿಸಿ ಒಂಬತ್ತು ವರ್ಷವಾಯಿತು. ಬಾಗಿಲು ಹಾಕಿಕೊಂಡ.

ಇನ್ನೊಂದು ತಮಾಷೆ ಕೇಳು. ಆ ದಾರಿ ಜಿಲ್ಲೆಯ ನಕ್ಷೆಯಲ್ಲೇ ಇಲ್ಲ. ನಕ್ಷೆಯವರು ಬಂದಾಗ ನಮ್ಮಪ್ಪ ಅವರಿಗೆ ಟೀ ಕುಡಿಸಿ, ಹವಾಮಾನದ ಮಾತಾಡಿ, ದಾರಿಯ ಸುದ್ದಿಯನ್ನೇ ಎತ್ತದೆ ಕಳಿಸಿದ್ದನಂತೆ. ಆದ್ದರಿಂದ ಈಗ ಅದು ನಕ್ಷೆಗೆ ಸೇರಬೇಕಾದರೆ, ಜನ ಇಪ್ಪತ್ತು ವರ್ಷ ಯಾರ ಅಪ್ಪಣೆಯೂ ಇಲ್ಲದೆ ಅಲ್ಲಿ ನಡೆದಿದ್ದಾರೆ ಎಂದು ಸಾಬೀತು ಮಾಡಬೇಕು. ಬೇಸಿಗೆಯೆಲ್ಲ ಮನೆಮನೆ ಅಲೆದು ಹದಿನೆಂಟು ಹೇಳಿಕೆ ಬರೆಸಿಕೊಂಡೆ. ಎಲ್ಲಕ್ಕಿಂತ ಮೇಲೆ ನನ್ನದನ್ನಿಟ್ಟೆ. ಮೂವತ್ತೊಂದು ವರ್ಷ ಅಂಚೆ ಚೀಲ ಹೊತ್ತು, ಮೊಣಕಾಲುದ್ದ ಹಿಮದಲ್ಲೂ ಆ ಗುಡ್ಡ ದಾಟಿದವಳು ನಾನು. ಕಚೇರಿಯ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, "ನೀವು ಮಾಲೀಕರ ತಂಗಿ, ಅಪ್ಪಣೆ ಇದ್ದ ಹಾಗೇ, ನಿಮ್ದು ಲೆಕ್ಕಕ್ಕೆ ಬರಲ್ಲ. ಮೇಲಾಗಿ ಅಂಚೆ ಹಂಚೋಕೆ ಹೋಗಿದ್ದು, ಅದೂ ಲೆಕ್ಕಕ್ಕೆ ಬರಲ್ಲ," ಎಂದ. ನನ್ನ ಎರಡು ಮೊಣಕಾಲನ್ನೂ ಅವನ ಮೇಜಿನ ಮೇಲಿಟ್ಟು ಬರಬೇಕು ಅನ್ನಿಸಿತು.

ಅಷ್ಟರಲ್ಲಿ ಆಲ್ವೆನ್ ಬಿದ್ದಳು. ಅವಳ ಗಂಡನ ಸಮಾಧಿ ಇರುವುದು ಆಚೆಯ ಚಾಪೆಲ್ಲಿನಲ್ಲಿ. ಪ್ರತಿ ಭಾನುವಾರ ಗುಡ್ಡ ಹತ್ತಿ ಹೋಗುತ್ತಿದ್ದವಳು ಈಗ ರಸ್ತೆ ಹಿಡಿದಿದ್ದಳು. ಕಮ್ಮಾರನ ಕುಲುಮೆಯ ತಿರುವಿನಲ್ಲಿ ಹಾಲಿನ ಟ್ಯಾಂಕರ್ ಬಂತು. ಪಕ್ಕಕ್ಕೆ ಸರಿಯಲು ಜಾಗವೆಲ್ಲಿ? ಹಳ್ಳಕ್ಕೆ ಹಾರಿದಳು, ಎಪ್ಪತ್ತೆಂಟರ ಮುದುಕಿ. ಮಣಿಕಟ್ಟು ಎರಡು ಕಡೆ ಮುರಿದಿದೆ. ಹೋಗಿ ಎಮ್ರಿಸ್‌ಗೆ ಹೇಳಿದೆ. ಬಾಗಿಲು ತೆರೆಯದೆ ಒಳಗಿನಿಂದಲೇ, "ನಾನೇನು ಅವಳನ್ನ ರಸ್ತೇಲಿ ಹೋಗು ಅಂದಿದ್ನಾ?" ಎಂದ.

ನಾನು ನೇರ ಅಂಗಡಿಗೆ ಹೋಗಿ ಕಟಿಂಗ್ ಪ್ಲೇಯರ್ ಕೊಂಡೆ.

ಕಳೆದ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಮೇಲಿನ ತಡಮೆಗೆ ಹೋದೆ. ಎರಡು ಸುತ್ತು ಕತ್ತರಿಸುವಷ್ಟರಲ್ಲಿ ಕೋಟಿನ ಬೆನ್ನು ಮುಳ್ಳಿಗೆ ಸಿಕ್ಕಿಕೊಂಡಿತು. ಎಷ್ಟು ತಿರುಗಿದರೂ ಬಿಡಲಿಲ್ಲ. ಕೋಟನ್ನು ಅಲ್ಲೇ ನೇತುಬಿಟ್ಟು ತೋಳು ಕಳಚಿಕೊಂಡು ಹೊರಬಂದೆ. ಆಗ ಕೆಳಗಿನಿಂದ ಕೂಗು ಬಂತು: "ಯಾರದು? ಖಾಸಗಿ ಜಾಗ ಇದು!" ನಿನ್ನ ಗಂಡ ಬರುತ್ತಿದ್ದ, ತೋಳಿನ ಮೇಲೆ ಬಂದೂಕು. ನಾನು ನಾಲ್ಕು ಮಾರು ಆಚೆ, ಬಟ್ಟಬಯಲಿನಲ್ಲಿ, ಬಿಳಿ ಸ್ವೆಟರಿನಲ್ಲಿ ನಿಂತಿದ್ದೇನೆ. ಬಯ್ಯಲಿ ನೋಡೋಣ ಎಂದು ಸೊಂಟದ ಮೇಲೆ ಕೈಯಿಟ್ಟೆ.

ಅವನು ನನ್ನ ಕಡೆ ತಿರುಗಲೇ ಇಲ್ಲ. ನೇರ ಹೋಗಿ ಕೋಟಿನ ಮುಂದೆ ನಿಂತ.

"ಗೊತ್ತಾಯ್ತು ಬಿಡು, ಗ್ವೆಂಡಾ. ಆ ಕೆಂಪು ಕೋಟು ಇಡೀ ಊರಿಗೇ ಕಾಣುತ್ತೆ. ಸುಮ್ನೆ ನಿಂತ್ಕೊಂಡ್ರೆ ಬಿಟ್ಬಿಡ್ತೀನಿ ಅಂದ್ಕೊಂಡ್ಯಾ? ಕಳ್ಳಿ ಹಾಗೆ ಬೇಲಿ ಕತ್ತರಿಸೋಕೆ ಬಂದಿದೀಯ. ಅಪ್ಪ ನೋಡಿದ್ರೆ ಏನನ್ನೋನು? ಮುಖ ಎತ್ತಿ ಮಾತಾಡೇ!"

ಮೊದಲು ನಗು ಬಂತು. ಅಣಕಿಸುತ್ತಿದ್ದಾನೆ ಅಂದುಕೊಂಡೆ. ಅವನು ಬಯ್ಯುತ್ತಲೇ ಹೋದ, ಗಾಳಿಗೆ ಕೋಟಿನ ತೋಳು ಅಲ್ಲಾಡಿದರೆ, "ಕೈ ಯಾಕೆ ಆಡಿಸ್ತೀಯ, ಬಾಯಿಲ್ವಾ?" ಎನ್ನುತ್ತಾನೆ. ಅಣಕವಲ್ಲ ಎಂದು ಆಗ ಗೊತ್ತಾಯಿತು, ನೆಸ್ಟಾ. ಬಂದೂಕಿನ ಮೇಲಿದ್ದ ಅವನ ಬೆರಳು ನೋಡಿದೆ. ಆದಷ್ಟು ಮೆಲ್ಲಗೆ, "ಎಮ್ರಿಸ್, ನಾನು ಇಲ್ಲಿದೀನಿ ಕಣೋ," ಎಂದೆ.

ಅವನು ತಿರುಗಿದ. ಮತ್ತೆ ಕೋಟಿನ ಕಡೆ ನೋಡಿದ. ಕೈ ಚಾಚಿ ಅದನ್ನು ಮುಟ್ಟಿದ. ಆಮೇಲೆ ತಡಮೆಯ ಕೆಳಮೆಟ್ಟಿಲ ಮೇಲೆ ಕುಸಿದು ಕೂತ. ನಾನು ಬಂದೂಕು ತೆಗೆದುಕೊಂಡು ತೋಟಾ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅವನು ಬಿಟ್ಟುಕೊಟ್ಟ.

"ಎಷ್ಟು ದಿನದಿಂದ ಕಣ್ಣು ಹೀಗೆ?" ಎಂದೆ.

"ಮೂರು ವರ್ಷ."

ಕಣ್ಣಿನ ನಡುಭಾಗ ಸವೆದಿದೆ, ಸರಿಹೋಗುವುದಿಲ್ಲ ಎಂದು ಡಾಕ್ಟರು ಆಗಲೇ ಹೇಳಿದ್ದರಂತೆ. ಅಂಚಿನಲ್ಲಿ ಬಣ್ಣ, ನೆರಳು ಕಾಣುತ್ತದೆ. ನೇರ ನೋಡಿದರೆ ಹೊಗೆ. ಮೂರು ವರ್ಷ ಅಂದರೆ ನೀನಿದ್ದಾಗಲೇ! ಜೀಪನ್ನು ಗೇಟಿನ ಕಂಬಕ್ಕೆ ಗುದ್ದಿ, ಕಂಬ ಸರಿಸಿದವಳು ನೀನೇ ಎಂದು ಒಂದು ವಾರ ಕೂಗಾಡಿದನಲ್ಲ, ಆ ಚಳಿಗಾಲ. ಮನೆಯಲ್ಲಿ ಒಂದು ಚಮಚ ಜಾಗ ಬದಲಾಯಿಸಿದರೂ ಆಕಾಶ ಭೂಮಿ ಒಂದು ಮಾಡುತ್ತಿದ್ದ. ನಾವಿಬ್ಬರೂ ಅದನ್ನು ವಯಸ್ಸಿನ ಕೊಬ್ಬು ಅಂದುಕೊಂಡೆವು. "ನೆಸ್ಟಾಗೆ ಯಾಕೆ ಹೇಳಲಿಲ್ಲ?" ಎಂದರೆ, "ಹೇಳಿದ್ರೆ ಕುರಿ ಮಾರು ಅಂತಿದ್ಲು," ಎಂದ. ಅಯ್ಯೋ, ಕುರಿ ಉಳಿಸಿಕೊಂಡು ಹೆಂಡತಿಯನ್ನು ಕಳಿಸಿದ ಮಹಾನುಭಾವ! ಹಾಗೆಂದು ಮುಖಕ್ಕೇ ಅಂದೆ. ತಲೆ ತಗ್ಗಿಸಿದ.

ಮೆಗ್‌ಳ ವಿಷಯ ಅವನೇ ಹೇಳಿದ. ನಾನು ಕೇಳಿರಲಿಲ್ಲ.

"ಆ ನಾಯಿಗೇ ಗುರಿ ಇಟ್ಟೆ, ಗ್ವೆಂಡಾ. ಕಪ್ಪಗೆ ಓಡ್ತಿತ್ತು, ಹೊಡೆದೆ. ಹತ್ರ ಹೋಗಿ ಕೈಯಾಡಿಸಿದಾಗ ಕುತ್ತಿಗೇಲಿ ನಮ್ಮ ಮೆಗ್‌ಳ ಪಟ್ಟಿ ಸಿಕ್ತು." ಅಂಗೈಯನ್ನು ಮೊಣಕಾಲಿಗೆ ಒರೆಸಿಕೊಂಡ. "ಆ ನಾಯಿ ಹಿಂದೆ ಅದನ್ನ ಹಿಡಿಯೋಕೆ ಒಂದು ಹುಡುಗಿ ಓಡಿ ಬರ್ತಿದ್ಲಂತೆ. ನಂಗೆ ಅವಳು ಕಾಣಲೇ ಇಲ್ಲ. ಇನ್ನೊಂದು ದಿನ ಅಲ್ಲಿ ಯಾರಾದ್ರೂ ನಡೀತಿದ್ರೆ..."

ಅದಕ್ಕೆ ತಂತಿ! ಜನರನ್ನು ತನ್ನಿಂದ ಕಾಪಾಡಲು ಜನರಿಗೇ ಬೇಲಿ ಹಾಕಿದ್ದಾನೆ. ಬಂದೂಕನ್ನು ಕೊಟ್ಟುಬಿಟ್ಟಿದ್ದರೆ ಮುಗಿಯುತ್ತಿತ್ತಲ್ಲೋ ಎಂದು ನಾನು ಕಿರುಚಿದ್ದು ಆಚೆ ಕಣಿವೆಗೂ ಕೇಳಿರಬೇಕು. "ಕೊಟ್ರೆ ಯಾಕೆ ಅಂತ ಕೇಳ್ತಾರಲ್ಲ," ಎಂದ. ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ ಎಂದು ಒಂದು ಊರಿನ ದಾರಿ ಮುಚ್ಚಿದವನನ್ನು ಏನು ಮಾಡಬೇಕು, ನೀನೇ ಹೇಳು. ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಅವನು ಅಳುತ್ತಿದ್ದ. ಅವನ ಪಕ್ಕ ಕೂತೆ.

ಆಮೇಲೆ ಇಬ್ಬರೂ ಸೇರಿ ತಂತಿ ಬಿಚ್ಚಿದೆವು. ಅವನು ಎಳೆದು ಹಿಡಿದ, ನಾನು ಕತ್ತರಿಸಿದೆ, ಪ್ರತಿ ಸಲವೂ "ಬೆರಳು ತೆಗಿ" ಎನ್ನುತ್ತ. ಎರಡು ತಡಮೆಗೆ ಮಧ್ಯಾಹ್ನವಾಯಿತು. ಬಂದೂಕು ಪೊಲೀಸ್ ಠಾಣೆ ಸೇರಿದೆ. ಯಾಕೆ ಎಂದು ಅವರು ಕೇಳಿದರು. ಅವನೇ ಹೇಳಿದ, ನಾನು ಬಾಯಿ ಬಿಡಲಿಲ್ಲ. ಇವತ್ತು ಆಲ್ವೆನ್ ಒಂದು ಕೈಗೆ ಪಟ್ಟಿ ಕಟ್ಟಿಕೊಂಡು ಗುಡ್ಡ ಹತ್ತಿದಳು. ಅವನು ತಡಮೆಯ ಹತ್ತಿರ ನಿಂತು ಅವಳ ಇನ್ನೊಂದು ಕೈ ಹಿಡಿದು ದಾಟಿಸಿದ. ಅವಳು ಮೂರು ನಿಮಿಷ ಅವನನ್ನು ಉಗಿದಳು. ಮೂಗು ಸೋರಿದರೂ ಒರೆಸಿಕೊಳ್ಳದೆ ಕೇಳಿಸಿಕೊಂಡ.

ನನ್ನದು ಬಿಟ್ಟು ಮಿಕ್ಕ ಹೇಳಿಕೆಗಳನ್ನು ನಾಳೆ ಕಚೇರಿಗೆ ಹಾಕುತ್ತಿದ್ದೇನೆ. ಅಣ್ಣ ಮಾತು ಕೊಟ್ಟಿದ್ದಾನೆ ನಿಜ, ಆದರೆ ಅವನ ಮಾತು ಮುಂದಿನ ಮುನಿಸಿನ ತನಕ. ನಕ್ಷೆಗೆ ಮುನಿಸಿಲ್ಲ.

ನಿನಗೆ ಹೇಳುವುದಿಲ್ಲ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ. ಮುರಿದಿದ್ದೇನೆ. ಈ ಮನೆತನದಲ್ಲಿ ಬಾಯಿ ಮುಚ್ಚಿಕೊಂಡು ಇಲ್ಲಿಯವರೆಗೆ ಯಾರೂ ಉದ್ಧಾರವಾಗಿಲ್ಲ.

ನಿಮ್ಮಿಬ್ಬರಿಂದಲೂ ರೋಸಿಹೋಗಿರುವ,
ಗ್ವೆಂಡಾ

ಮರೆತಿದ್ದೆ: ಅವನ ಅಂಗಿ ಒಗೆಯಲು ಹೋದಾಗ ಅಡುಗೆಮನೆಯ ಡ್ರಾಯರಿನಲ್ಲಿ ನಿನ್ನ ಹನ್ನೊಂದು ಪತ್ರ ಕಂಡವು. ಮೊದಲ ನಾಲ್ಕು ಒಡೆದಿವೆ, ಮಿಕ್ಕವು ಹಾಗೇ ಇವೆ, ಅಕ್ಷರ ಕಾಣದವನು ಒಡೆದು ಏನು ಮಾಡುತ್ತಾನೆ. ನೀನು ಅಷ್ಟು ಬರೆದಿದ್ದೀಯೆಂದು ನನಗೆ ಗೊತ್ತಿರಲಿಲ್ಲ. ಉತ್ತರ ಬರದೆ ನೀನು ಏನಂದುಕೊಂಡಿರುತ್ತೀಯ ಎಂದು ಯೋಚಿಸಿ ಅಲ್ಲೇ ಕೂತುಬಿಟ್ಟೆ. ಓದಿ ಹೇಳಲೇ ಎಂದೆ. "ಬೇಡ. ನೆಸ್ಟಾ ನಂಗೆ ಬರೆದಿದ್ದು. ನಿನ್ನ ಬಾಯಲ್ಲಿ ಹೇಗೆ ಕೇಳ್ಲಿ?" ಎಂದು ಕಿತ್ತುಕೊಂಡು ಮತ್ತೆ ಒಳಗಿಟ್ಟ. ಲಡ್‌ಲೋದಿಂದ ಬರುವ ಶನಿವಾರದ ಬಸ್ಸು ಈಗ ಹತ್ತೂವರೆಗೆ ಚರ್ಚಿನ ಹತ್ತಿರ ನಿಲ್ಲುತ್ತದೆ.