ಕದ್ದ ಕಡ್ಡಿಯಲ್ಲಿ ಅರಳಿದ ಕೆಮೀಲಿಯಾ

ಶೇಡಿ ಫೋರ್ಡ್, ಅಲಬಾಮಾ
ಸೋಮವಾರ, ಜನವರಿ 30, 1978

ಡೆಟ್ರಾಯಿಟ್ ಸೇರಿದರೂ ಮಾವನನ್ನು ಮರೆಯದ ಮಗಳು ಲೊರೇನ್‌ಗೆ,

ಇದನ್ನು ನಿಂತು ಓದಬೇಡ, ಕುಳಿತುಕೋ. ನಿನ್ನೆ ನಿನ್ನ ಸೋದರಮಾವ ಇಡೀ ಚರ್ಚಿನ ಮುಂದೆ ಎದ್ದು ನಿಂತು ತಾನು ಕಳ್ಳ ಅಂತ ಒಪ್ಪಿಕೊಂಡ. ಎಷ್ಟು ಚೆನ್ನಾಗಿ ಒಪ್ಪಿಕೊಂಡನೆಂದರೆ, ಪಾದ್ರಿ ಏನು ಬೋಧಿಸಿದರು ಅಂತ ಇವತ್ತು ಯಾರಿಗೂ ನೆನಪಿಲ್ಲ. ನನ್ನ ಮಾತು ಮಾತ್ರ ಎಲ್ಲರ ಬಾಯಲ್ಲೂ ಇದೆ.

ಪಕ್ಕದ ಮನೆ ಜೆಲ್ಮಾಳ ಕೆಮೀಲಿಯಾ ಹೂವಿನ ಮರ ನಿನಗೆ ಗೊತ್ತಲ್ಲ. ಚಳಿಗಾಲದಲ್ಲಿ ಹೂ ಬಿಡುವ ಗಿಡ ನಮ್ಮ ಬೀದಿಯಲ್ಲಿ ಯಾರ ಅಂಗಳದಲ್ಲಿಲ್ಲ ಹೇಳು. ನನ್ನ ಡ್ಯಾಫ್ನಿ ಗಿಡದ ಹೂವಿನ ಪರಿಮಳಕ್ಕೆ ಅಂಚೆಯವನು ಕಾಗದ ಇಲ್ಲದ ದಿನವೂ ಗೇಟಿನ ಹತ್ತಿರ ನಿಲ್ಲುತ್ತಾನೆ. ಆದರೆ ಅವಳದು ಬೇರೆಯೇ. ಸೂರಿಗಿಂತ ಎತ್ತರದ ಮರ, ಬಿಳಿ ಎಸಳಿನ ಮೇಲೆ ಕೆಂಪು ಗೆರೆ. ಅವಳ ಅಮ್ಮ ಬಟ್ಟೆ ಒಗೆಯುತ್ತಿದ್ದ ಮನೆಯಿಂದ ಮಡಿಲಲ್ಲಿ ಕಟ್ಟಿ ತಂದ ಕಡ್ಡಿ ಅದು. ಜನವರಿಯ ಕೊನೆಯ ಭಾನುವಾರ ಆ ಅಮ್ಮನ ನೆನಪಿಗೆ ಚರ್ಚಿನ ಮೇಜಿನ ಮೇಲೆ ಗಾಜಿನ ಬೋಗುಣಿ, ಅದರಲ್ಲಿ ತೇಲುವ ಒಂದು ಹೂವು. ನಲವತ್ತೊಂದು ವರ್ಷ ಒಮ್ಮೆಯೂ ತಪ್ಪಿರಲಿಲ್ಲ.

ಹನ್ನೊಂದು ವರ್ಷ ನಾನು ಒಂದು ಕಡ್ಡಿ ಕೇಳಿದೆ. ಕೊಡಲಿಲ್ಲ. "ಅದು ನಮ್ಮಮ್ಮ ಕಣಯ್ಯ. ಅಮ್ಮನ್ನ ಯಾರಾದ್ರೂ ತುಂಡು ಮಾಡಿ ಹಂಚ್ತಾರಾ?" ಅಂದಳು. "ಆಯ್ತು, ಇನ್ನು ಸಾಯೋವರೆಗೂ ನಿನ್ನ ಕೇಳಲ್ಲ" ಅಂದೆ. ಕೇಳಲೂ ಇಲ್ಲ. ಎಪ್ಪತ್ತೆರಡರ ಜುಲೈನಲ್ಲಿ ಅವಳು ಪ್ರಾರ್ಥನೆ ಕೂಟಕ್ಕೆ ಹೋದದ್ದು ನೋಡಿ ಬೇಲಿ ಹಾರಿದೆ, ಕೈಗೆ ಸಿಕ್ಕ ಕೊಂಬೆಯಿಂದ ಐದು ಕಡ್ಡಿ ಕತ್ತರಿಸಿದೆ. ಕೊಟ್ಟ ಕಡ್ಡಿಗಿಂತ ಕದ್ದ ಕಡ್ಡಿ ಬೇಗ ಬೇರು ಬಿಡುತ್ತೆ ಅಂತ ನಮ್ಮಜ್ಜಿ ಸುಮ್ಮನೆ ಹೇಳುತ್ತಿರಲಿಲ್ಲ. ಕೋಳಿಗೂಡಿನ ಹಿಂದೆ ಮರಳಲ್ಲಿ ನೆಟ್ಟು ಗಾಜಿನ ಜಾಡಿ ಬೋರಲು ಹಾಕಿದೆ. ಒಂದು ಬೇರು ಬಿಟ್ಟಿತು.

ಕದ್ದ ಎರಡನೇ ದಿನವೇ ಜೆಲ್ಮಾ ಕೊಂಬೆ ಕತ್ತರಿಸಿದ ಗುರುತು ನೋಡಿ ಬೈಬಲ್ ಹಿಡಿದು ಬಂದಳು. ಕೈಯಿಟ್ಟು ಹೇಳು ಅಂದಳು. ನನ್ನ ಕೈ ನಿನ್ನ ಮರವನ್ನು ಮುಟ್ಟಿಲ್ಲ ಅಂದೆ. ಸುಳ್ಳೇನಲ್ಲ, ಕೈಗವಸು ಹಾಕಿಕೊಂಡಿದ್ದೆ.

ಹೋದ ಬೇಸಿಗೆಯಲ್ಲಿ ಹಳ್ಳ ಉಕ್ಕಿ ಅವಳ ಅಂಗಳದಲ್ಲಿ ಒಂಬತ್ತು ದಿನ ನೀರು ನಿಂತಿತು. ಬೇರು ಕೊಳೆಯಿತು. ಅಕ್ಟೋಬರ್ ಹೊತ್ತಿಗೆ ಮರ ಪೊರಕೆ ಕಡ್ಡಿಯ ಹಾಗೆ ಒಣಗಿತ್ತು. ಗಂಡ ಹೋಮರ್ ತೀರಿಕೊಂಡಾಗಲೂ ಬೆನ್ನು ಬಗ್ಗಿಸದ ಹೆಂಗಸು ಅವಳು. ಕ್ರಿಸ್‌ಮಸ್ ಮಾರನೆಯ ದಿನ ಬೇಲಿ ಹತ್ತಿರ ಬಂದು ಕೇಳಿದಳು, "ಬ್ರದರ್ ಆಂಬ್ರೋಸ್, ಪ್ಲಾಸ್ಟಿಕ್ ಹೂವು ನೀರಲ್ಲಿ ತೇಲುತ್ತಾ?"

ಅದೇ ಹೊತ್ತಿಗೆ ನನ್ನ ಕೋಳಿಗೂಡಿನ ಹಿಂದೆ ಆಳೆತ್ತರದ ಗಿಡ, ಅದರ ತುದಿಯಲ್ಲಿ ಮೊಟ್ಟಮೊದಲ ಮೊಗ್ಗು. ಅದು ಅರಳಿದರೆ ಕೊಡಬೇಕು, ಕೊಟ್ಟರೆ ಬೈಬಲ್ ಮೇಲಿಟ್ಟ ಆಣೆ ಬಯಲಾಗುತ್ತದೆ. ಚರ್ಚಿನ ಬಾಗಿಲಲ್ಲಿ ಇಪ್ಪತ್ತೆರಡು ವರ್ಷ ನಿಂತು ಜನರನ್ನು ಬರಮಾಡಿಕೊಂಡ ಮರ್ಯಾದೆಯೂ ಹೋಗುತ್ತದೆ.

ಗುರುವಾರ ಬೆಳಿಗ್ಗೆ ಅರಳಿತು. ಅಂಗೈ ಅಗಲ, ಅಚ್ಚ ಕೆಂಪು. ಬಿಳಿಯ ಸುಳಿವೇ ಇಲ್ಲ. ಗೆರೆ ಹೂವಿನ ಮರಗಳು ಒಮ್ಮೊಮ್ಮೆ ಒಂದೇ ಒಂದು ಕೊಂಬೆಯಲ್ಲಿ ಹೀಗೆ ಬಣ್ಣ ಬದಲಿಸುತ್ತವೆ. ಸೈತಾನ ಬಂದು ನನ್ನ ಕಿವಿಯಲ್ಲೇ ಕುಳಿತ: ಬದುಕಿದೆ ಆಂಬ್ರೋಸ್, ಇದು ಅವಳದು ಅಂತ ಯಾರೂ ಹೇಳಲಾರರು, ಮಾಂಟ್‌ಗೊಮರಿಯಲ್ಲಿ ಕೊಂಡೆ ಅನ್ನು. ಖುಷಿಯಾಗಿ ಕೋಳಿಗೆ ಕಾಳು ಹಾಕಿದೆ. ತಿಂಡಿಗೆ ಕುಳಿತವನು ಅವಳ ಪ್ಲಾಸ್ಟಿಕ್ ಹೂವಿನ ಮಾತು ನೆನಪಾಗಿ ಜೋಳದ ಗಂಜಿಯನ್ನು ಹಾಗೇ ಬಿಟ್ಟೆ. ಎದ್ದು ಗಿಡವನ್ನು ಬೇರುಮಣ್ಣಿನ ಸಮೇತ ಅಗೆದು ತಳ್ಳುಗಾಡಿಗೆ ಹಾಕಿಕೊಂಡು ಹೊರಟೆ.

ಜೆಲ್ಮಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಶುರುಮಾಡಿದಳು.

"ಇದು ನನ್ನ ಅಡುಗೆಮನೆ ಕಿಟಕಿ ಮೇಲಿನ ಕೊಂಬೆ. ಇಡೀ ಮರದಲ್ಲಿ ಕೆಂಪು ಬಿಡ್ತಿದ್ದದ್ದು ಅದೊಂದೇ. ನಿನಗೆಲ್ಲಿ ಎಟುಕ್ತೋ ಗಿಡ್ಡ? ಬಟ್ಟೆ ಒಗೆಯೋ ಬೆಂಚು ಹತ್ತಿದ್ದೆ ತಾನೆ?"

ನಾನು ಟೋಪಿ ತೆಗೆದು ಅದರ ಒಳಗೆ ನೋಡುತ್ತಾ ನಿಂತೆ.

"ಹಾಗಾದ್ರೆ ಬೆಂಚಿನ ಕಾಲು ಮುರಿದಿದ್ದು ನೀನು. ಪಾಪ, ಹೋಮರ್‌ನ ಒಂದು ತಿಂಗಳು ಬೈದೆನಲ್ಲೋ. ತಿಂದು ತಿಂದು ಆನೆ ಆಗಿದೀಯ ಅಂತ ಅವನ ರೊಟ್ಟಿಗೆ ಬೆಣ್ಣೆ ಹಾಕೋದನ್ನೇ ಬಿಟ್ಟಿದ್ದೆ."

"ಗೊತ್ತು ಸಿಸ್ಟರ್ ಜೆಲ್ಮಾ. ಬೇಲಿ ಮೇಲಿಂದ ನಾನೇ ಅವನಿಗೆ ಬೆಣ್ಣೆ ದಾಟಿಸ್ತಿದ್ದೆ."

ಅವಳ ತುಟಿ ಅಲುಗಿತು. ನಗು ಬಂತೋ ಅಳು ಬಂತೋ ನನಗೆ ತಿಳಿಯಲಿಲ್ಲ. ಏನೋ ಹೇಳಲು ಹೋಗಿ ಬಾಯಿ ಮುಚ್ಚಿಕೊಂಡಳು. ಗಿಡ ಕೊಟ್ಟವರಿಗೆ ಧನ್ಯವಾದ ಅಂದರೆ ಗಿಡ ಸಾಯುತ್ತೆ, ನಮ್ಮಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು.

"ಬೈದ್ರೆ ಸಾಯಲ್ಲ ಅಲ್ವಾ?" ಅಂದಳು. ಆಮೇಲೆ ಅರ್ಧ ಗಂಟೆ ಬೈದಳು ಲೊರೇನ್, ನನಗೆ ಗೊತ್ತಿಲ್ಲದ ನನ್ನ ಗುಣಗಳೆಲ್ಲ ಹೊರಬಂದವು. ಕೊನೆಗೆ ಷರತ್ತು: "ಭಾನುವಾರ ನಾನು ಬೋಗುಣಿ ಇಡುವಾಗ ನೀನೇ ಎದ್ದು ಹೇಳ್ಬೇಕು. ನಾನು ಹೇಳೋಕೆ ನಿಂತ್ರೆ ಉದ್ದ ಆಗುತ್ತೆ."

ಹೇಳಿದೆ. ಹೇಳುವಾಗ ಬೇಲಿಯನ್ನು ಮಾತಲ್ಲೇ ಎರಡಡಿ ಎತ್ತರಿಸಿದೆ, ನಾಯಿಯೊಂದನ್ನು ನನ್ನ ಹಿಂದೆ ಓಡಿಸಿದೆ. ಮುಂದಿನ ಸಾಲಿನಿಂದ ಜೆಲ್ಮಾ, "ನಮ್ಮನೇಲಿ ನಾಯಿನೇ ಇರ್ಲಿಲ್ಲ" ಅಂದಳು. ಹಾಡುವ ಹೆಂಗಸರು ಪುಸ್ತಕದಿಂದ ಮುಖ ಮುಚ್ಚಿಕೊಂಡರು. ಪಾದ್ರಿ ನಗದೆ ತೀರ್ಪು ಕೊಟ್ಟರು: ಈಸ್ಟರ್‌ವರೆಗೆ ನನಗೆ ಬಾಗಿಲ ಕೆಲಸ ಇಲ್ಲ, ಹಿಂದಿನ ಸಾಲಿನಲ್ಲಿ ಕೂರಬೇಕು. ಕೂತೆ. ಅಲ್ಲಿಂದಲೂ ಬೋಗುಣಿಯ ಕೆಂಪು ಕಾಣುತ್ತಿತ್ತು. ನಲವತ್ತೆರಡನೆಯ ವರ್ಷವೂ ತಪ್ಪಲಿಲ್ಲ ನೋಡು.

ಗಿಡವನ್ನು ಬೇಲಿಯ ಗೆರೆಯ ಮೇಲೇ, ನೀರು ನಿಲ್ಲದ ಹಾಗೆ ದಿಬ್ಬ ಮಾಡಿ ನೆಟ್ಟಿದ್ದೇವೆ. ಅರ್ಧ ಅವಳದು, ಅರ್ಧ ನನ್ನದು. ಹೂವು ಯಾವ ಕಡೆ ಬಾಗುತ್ತದೆ ಅಂತ ಈಗಲೇ ಜಗಳ ಶುರುವಾಗಿದೆ.

ಕಳ್ಳನಾದರೂ ನಿನ್ನವನೇ ಆದ ಮಾವ,
ಆಂಬ್ರೋಸ್

ತಾ.ಕ.: ಕೈಗೆ ಸಿಕ್ಕ ಕೊಂಬೆ ಅಂತ ಮೇಲೆ ಬರೆದದ್ದು ಸುಳ್ಳು. ಆ ವರ್ಷ ನಿನ್ನ ಅಮ್ಮ ಐನೆಜ್ ಕಾಯಿಲೆಯಲ್ಲಿ ನನ್ನ ಹಿಂದಿನ ಕೋಣೆಯಲ್ಲಿ ಮಲಗಿದ್ದಳಲ್ಲ, ಹಾಸಿಗೆಯಿಂದ ಅವಳಿಗೆ ಕಾಣುತ್ತಿದ್ದದ್ದು ಅದೊಂದೇ ಕೊಂಬೆ. ಇಡೀ ಚಳಿಗಾಲ ಅದನ್ನೇ ನೋಡಿದಳು. ಜುಲೈನಲ್ಲಿ, "ಅಣ್ಣಾ, ಅದು ಮತ್ತೆ ಅರಳೋ ಹೊತ್ತಿಗೆ ನಾನಿರಲ್ಲ, ಲೊರೇನ್‌ಗೊಂದು ಗಿಡ ಮಾಡ್ಕೊಡು" ಅಂದಳು. ಜೆಲ್ಮಾಳನ್ನು ಇನ್ನು ಕೇಳಲ್ಲ ಅಂತ ಹಟಕ್ಕೆ ಬಿದ್ದು ಹೇಳಿಯಾಗಿತ್ತು, ಅದಕ್ಕೇ ಬೇಲಿ ಹಾರಿದ್ದು. ಬೇರು ಬಿಟ್ಟದ್ದೂ ಒಂದಲ್ಲ, ಎರಡು. ಇನ್ನೊಂದನ್ನು ಕುಂಡದಲ್ಲಿ ಬೆಳೆಸಿದ್ದೆ, ಅದು ಈ ಕಾಗದದ ಜೊತೆ ಬಸ್ಸಿನಲ್ಲಿ ಬರುತ್ತಿದೆ. ನಿಮ್ಮ ಹಿಮದಲ್ಲಿ ಹೊರಗಿಡಬೇಡ, ಒಲೆಯ ಹತ್ತಿರವೂ ಬೇಡ. ತಣ್ಣಗಿರುವ ಕಿಟಕಿ ನೋಡಿ ಇಡು. ಕುಲುಕಾಟಕ್ಕೆ ಉದುರದಿದ್ದರೆ ಅದರಲ್ಲೂ ಒಂದು ಮೊಗ್ಗಿದೆ. ನೀನು ಮಲಗಿದಲ್ಲಿಂದ ಕಾಣುವ ಹಾಗಿರಲಿ.