ಬೇಲಿಯ ಕಪ್ಪು ಹಣ್ಣು

ಆಸ್ಪತ್ರೆಯ ಬೆಂಚಿನಿಂದ,
ಮಾರ್ಚ್ ೧೧, ಬೆಳಿಗ್ಗೆ

ನನ್ನ ಮುದ್ದು ತಂಗಿ,

ನೀವೆಲ್ಲ ಚೆನ್ನಾಗಿದ್ದೀರಿ ಎಂದು ನಂಬಿಕೊಂಡೇ ಬರೆಯುತ್ತಿದ್ದೇನೆ. ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಕ್ಷಮಿಸು. ನಿನ್ನೆಯಿಂದ ಫೋನ್ ಮಾಡುತ್ತಿದ್ದೇನೆ. ಗಂಟೆ ಬಡಿದುಕೊಳ್ಳುತ್ತದೆ, ಯಾರೂ ಎತ್ತುತ್ತಿಲ್ಲ. ನಮ್ಮ ಗಿಡಗಳ ನರ್ಸರಿಯ ವ್ಯಾನಿನ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಎರಡು ವರ್ಷದ ಹಿಂದೆ ನಾನು ಕೊಟ್ಟ ಬೇಲಿ ಗಿಡಗಳ ಹಣ್ಣನ್ನು ಯಾರೂ ಬಾಯಿಗೆ ಹಾಕಬಾರದು. ಮೊದಲು ಪುಟ್ಟಿಯನ್ನು ಒಳಗೆ ಕರೆದುಕೋ, ಆಮೇಲೆ ಓದು.

ಆ ಗಿಡ ನಿನಗೆ ಗೊತ್ತೇ ಇದೆ. ಮಳೆಕಾಡಿನ ನೆರಳಿನದು, ಕತ್ತರಿಸಿದಷ್ಟೂ ಒತ್ತಾಗಿ ಚಿಗುರುತ್ತದೆ, ಹುಳಿಸಿಹಿ ಹಣ್ಣು. ನಮ್ಮ ಹಳೆಯ ಸಾಲಿನಲ್ಲಿ ಹಕ್ಕಿಗಳು ಒಂದು ಹಣ್ಣನ್ನೂ ಉಳಿಸುವುದಿಲ್ಲ. ನಿನಗೆ ಕೊಟ್ಟು ಉಳಿದ ಸಸಿಗಳನ್ನು ನೆಟ್ಟ ಹೊಸ ಸಾಲು ಈ ವರ್ಷ ಮೊದಲ ಸಲ ಹಣ್ಣು ಬಿಟ್ಟಿತು. ಅಲ್ಲಿ ಮೂರು ಗಿಡಗಳ ಹಣ್ಣು ಮಾತ್ರ ಹಾಗೇ ಕೊಳೆತು ಉದುರುತ್ತಿತ್ತು. ಕಾಡಿನಿಂದ ನಮಗೆ ಬೀಜ ತಂದುಕೊಡುವ ಬೀಜದ ಮಾವನನ್ನು ನಿನ್ನೆ ಕರೆಸಿದೆ. "ನಿನ್ನ ಹಕ್ಕಿಗಳಿಗೆ ತಿಂದು ತಿಂದು ಸೊಕ್ಕು ಬಂದಿದೆ" ಎಂದು ನನಗೆ ಹೇಳಿ ನಗುತ್ತಾ ಐದಾರು ಹಣ್ಣು ಬಾಯಿಗೆ ಎಸೆದುಕೊಂಡರು.

ಚಹಾ ಕುಡಿಯುವಾಗ ತುಟಿ ಮರಗಟ್ಟಿದೆ ಎಂದರು. ಸ್ವಲ್ಪ ಹೊತ್ತಿಗೆ, "ಲೋಟ ಎಲ್ಲಿಟ್ಟೆ ಮಗಳೇ?" ಎಂದು ಕೇಳಿದರು. ಲೋಟ ಅವರ ಕೈಯಲ್ಲೇ ಇತ್ತು.

ಜೀವ ಉಳಿದಿದೆ. ಕಣ್ಣಿನ ಮಾತು ಡಾಕ್ಟರು ಆಡುತ್ತಿಲ್ಲ. ನಾನು ಆ ಹಣ್ಣನ್ನು ಸೀಳಿ ನೋಡಿದೆ. ನಮ್ಮ ಹಣ್ಣಿಗೆ ಎರಡೇ ಬೀಜ, ಇದರೊಳಗೆ ಸಾಸಿವೆಯಂತೆ ತುಂಬಿಕೊಂಡಿವೆ. ಬೇರೆ ಜಾತಿ ಬೆರೆತುಹೋಗಿದೆ. ನಿನ್ನ ಬೇಲಿಯಲ್ಲಿ ಎಷ್ಟಿವೆಯೋ ತಿಳಿಯದು. ಆರಿಸುತ್ತಾ ಕೂರಬೇಡ. ಡ್ರೈವರ್ ಗುದ್ದಲಿ ತಂದಿದ್ದಾನೆ, ಎಲ್ಲವನ್ನೂ ಬುಡಸಮೇತ ಕೀಳಿಸು. ಹಣ್ಣು ಕಪ್ಪಾಗುವುದನ್ನೇ ಪುಟ್ಟಿ ಕಾಯುತ್ತಿದ್ದಾಳೆ ಎಂದು ನೀನು ಬರೆದು ಹತ್ತು ದಿನವಾಯಿತು.

ನಾನೇ ಬರುತ್ತಿದ್ದೆ. ಮಾವನಿಗೆ ಇಲ್ಲಿ ಬೇರೆ ಯಾರೂ ಇಲ್ಲ. ಬೆಳಿಗ್ಗೆ ನನ್ನ ಕೈ ತಡವಿ ಹಿಡಿದು, "ತಪ್ಪು ನಂದೇ ಕಣಮ್ಮ, ಬೀಜ ಆರಿಸಿದ್ದು ನಾನಲ್ವಾ" ಎಂದರು. ನಾನು ಹೊದಿಕೆ ಸರಿಮಾಡಿ ಹೊರಗೆ ಬಂದೆ.

ಮಗು ನೂರು ಕಾಲ ಬಾಳಲಿ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಅಕ್ಕ

ಮರೆತ ಮಾತಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗಿಟ್ಟಿದ್ದು: ಸಸಿ ಗೇಣುದ್ದ ಇದ್ದಾಗಲೇ ಕೆಲವು ಸಸಿಗಳ ಎಲೆ ನಮ್ಮ ಗಿಡದಂತೆ ನುಣುಪಾಗಿರದೆ ಕೈಗೆ ಒರಟಾಗಿ ಸಿಕ್ಕಿತ್ತು. ಮಾವನಿಗೆ ತೋರಿಸಬೇಕಿತ್ತು. ಅಮ್ಮ ಹೋದ ಮೇಲೆ ನಾಲ್ಕು ವರ್ಷ ಮಾತು ಬಿಟ್ಟಿದ್ದ ನೀನು ಅಂದು ಮೊದಲ ಸಲ ನನ್ನಲ್ಲಿ ಏನನ್ನೋ ಕೇಳಿದ್ದೆ. ತಡಮಾಡಿದರೆ ಬೇಡ ಅಂದುಬಿಡುತ್ತೀಯೆಂದು ಹೆದರಿ, ಗೊತ್ತಿದ್ದೇ ಕಳಿಸಿದೆ.